ಮುಖವಾಡ ಹಾಕಿದ ಕೂಡಲೇ ಪಾತ್ರ ಸತ್ತಂತೆ ಕಾಣುವುದೇಕೆ?

ಪ್ರಶ್ನೆ: ನಮ್ಮದು ಮುಧೋಳ ಕಡೆ ಒಂದು ಹಳ್ಳಿ ಹೈಸ್ಕೂಲು. ಗ್ಯಾದರಿಂಗಿಗೆ 40 ನಿಮಿಷದ ನಾಟಕ ಮಾಡಸಾಕತ್ತೇವಿ. ರಾಜ, ಮಂತ್ರಿ, ಮುದುಕಿ, ಹುಲಿ, ನರಿ, ಕಾಗಿ ಅಂತ ಒಟ್ಟು 9 ಪಾತ್ರ. ಬಜಾರದಾಗ ಪ್ಲಾಸ್ಟಿಕ್ ಮುಖವಾಡ ತಂದು ಹಾಕಿಸಿ ನೋಡಿದ್ವಿ. ಬರೀ ಮುಖದಾಗ ಚಲೋ ಮಾಡತಿದ್ದ ಹುಡುಗರು ಅದನ್ನ ಹಾಕಿದ ಕೂಡ್ಲೆ ಸತ್ತಂಗ ಆದ್ರು. ಮಾತು ಕೊಡದೊಳಗಿಂದ ಬಂದಂಗ ಕೇಳತೈತಿ. ಕೈ ಸುಮ್ನ ಬೀಸತಾರ. ಭರತನಾಟ್ಯದ ಮುದ್ರೆ ಕಲಿಸಬೇಕೇನು? ನಮ್ಮ ಕಡೆ ಆಟದಾಗ ಮುಖವಾಡ ಇಲ್ಲ, ಇದನ್ನ ಯಾರನ್ನ ನೋಡಿ ಕಲೀಬೇಕು? ಕಡಿಮಿ ಖರ್ಚಿನಾಗ ನಾವೇ ಮಾಡಬಹುದೇನು?

ಉತ್ತರ: ಮಾಸ್ತರರೇ, ಹುಡುಗರ ತಪ್ಪು ಇದರಲ್ಲಿ ಕಾಲುಭಾಗ ಮಾತ್ರ. ಉಳಿದ ಮುಕ್ಕಾಲು ಪಾಲು ಆ ಪ್ಲಾಸ್ಟಿಕ್ಕಿನದು. ಮೊದಲು ಅದನ್ನೇ ಪರೀಕ್ಷೆ ಮಾಡಿ ನೋಡಿ. ಸಂಜೆ ಶಾಲೆಯ ಪಡಸಾಲೆಯಲ್ಲಿ ಒಂದೇ ಒಂದು ಬಲ್ಬು ಎತ್ತರದಲ್ಲಿ ಉರಿಯಲಿ. ಮುಖವಾಡವನ್ನು ಕೈಯಲ್ಲಿ ಎದುರಿಗೆ ಹಿಡಿದು ಹಣೆಯನ್ನು ನಿಮ್ಮ ಕಡೆ ಸುಮಾರು 10 ಡಿಗ್ರಿ ಬಾಗಿಸಿ. ಚಲೋ ಮುಖವಾಡವಾದರೆ ಹುಬ್ಬಿನ ನೆರಳು ಕಣ್ಣಿನ ಮೇಲೆ ಬೀಳುತ್ತದೆ, ತುಟಿಯ ತುದಿಗಳು ಇಳಿದಂತೆ ಕಾಣುತ್ತವೆ, ಮುಖ ಕುಗ್ಗುತ್ತದೆ. ಈಗ ಗದ್ದವನ್ನು ಅಷ್ಟೇ ಮೇಲೆತ್ತಿ. ಕೆನ್ನೆಗೆ ಬೆಳಕು ಬಡಿದು ಅದೇ ಮುಖ ಅರಳುತ್ತದೆ. ನಿಮ್ಮ ಪ್ಲಾಸ್ಟಿಕ್ ಹುಲಿ ಎತ್ತ ಬಾಗಿಸಿದರೂ ಒಂದೇ ತರಹ ಹಲ್ಲು ಕಿಸಿಯುತ್ತಿರುತ್ತದೆ. ಅದಕ್ಕೆ ಹುಬ್ಬಿನ ದಿಬ್ಬವಿಲ್ಲ, ಕಣ್ಣಿನ ಗುಳಿಯಿಲ್ಲ. ಮೇಲಿನ ಹೊಳಪು ಇದ್ದ ನೆರಳನ್ನೂ ನುಂಗಿಬಿಡುತ್ತದೆ. ನಗು ಅಥವಾ ಸಿಟ್ಟು ಒಂದೇ ಕಡೆ ಗಟ್ಟಿಯಾದ ಮುಖ 40 ನಿಮಿಷ ತಡೆಯುವುದಿಲ್ಲ. ಮೂರನೇ ನಿಮಿಷಕ್ಕೇ ನೋಡುವವರ ಕಣ್ಣು ಅದನ್ನು ಗೋಡೆಯ ಕ್ಯಾಲೆಂಡರಿನಂತೆ ದಾಟಿಹೋಗುತ್ತದೆ.

ಜಪಾನಿನ ನೋ ರಂಗಭೂಮಿಯವರು ಈ ಗುಟ್ಟನ್ನು ಆರು ನೂರು ವರ್ಷಗಳಿಂದ ಬೆಳೆಸಿಕೊಂಡು ಬಂದಿದ್ದಾರೆ. ಅವರ ತರುಣಿಯ ಮುಖವಾಡದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ, ಎರಡರ ನಡುವೆ ನಿಂತ ಮುಖವದು. ಹಿನೊಕಿ ಎಂಬ ಮರದಲ್ಲಿ ಕೆತ್ತಿ, ಚಿಪ್ಪಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಪದರ ಪದರವಾಗಿ ಹಚ್ಚಿ ನುಣುಪು ಮಾಡುತ್ತಾರೆ. ಎತ್ತರ ಸುಮಾರು 21 ಸೆಂ.ಮೀ., ಅಂದರೆ ನಟನ ಮುಖಕ್ಕಿಂತ ಚಿಕ್ಕದು, ಗದ್ದ ಕೆಳಗೆ ಕಾಣುತ್ತಲೇ ಇರುತ್ತದೆ. ನಟ ಮುಖವಾಡವನ್ನು ತುಸು ಮೇಲೆತ್ತಿದರೆ ಅದಕ್ಕೆ ತೆರಾಸು ಎನ್ನುತ್ತಾರೆ, ಬೆಳಗಿಸುವುದು ಎಂದರ್ಥ. ತುಸು ಬಾಗಿಸಿದರೆ ಕುಮೊರಾಸು, ಮೋಡ ಕವಿಸುವುದು. ಹೊಟ್ಟೆಕಿಚ್ಚಿನಿಂದ ರಾಕ್ಷಸಿಯಾದ ಹೆಣ್ಣಿನ ಹನ್ನ್ಯಾ ಮುಖವಾಡವಂತೂ ಇನ್ನೂ ಜಾಣತನದ್ದು: ಹುಬ್ಬು–ಕಣ್ಣಿನ ಭಾಗದಲ್ಲಿ ದುಃಖ, ಬಾಯಿ–ಹಲ್ಲಿನಲ್ಲಿ ಕ್ರೋಧ. ನಟ ತಲೆ ಬಾಗಿಸಿದಾಗ ದುಃಖ ಮುಂದೆ ಬರುತ್ತದೆ, ಎತ್ತಿದಾಗ ಕ್ರೋಧ.

ನಿಮ್ಮ ಹುಡುಗರು ಮಾಡುತ್ತಿರುವುದು ಏನೆಂದರೆ, ಮುಖವಾಡದ ಒಳಗೆ ಈಗಲೂ ಮುಖದಿಂದಲೇ ಅಭಿನಯಿಸುತ್ತಿದ್ದಾರೆ. ಹುಬ್ಬು ಹಾರಿಸುತ್ತಾರೆ, ಕಣ್ಣು ಕೆಕ್ಕರಿಸುತ್ತಾರೆ. ಅದೆಲ್ಲ ಪ್ಲಾಸ್ಟಿಕ್ಕಿನ ಹಿಂದೆ ಹಾಳಾಗಿ ಹೋಗುತ್ತದೆ. ಹೊರಗೆ ಏನೂ ಮುಟ್ಟುತ್ತಿಲ್ಲ ಎಂದು ಅನಿಸಿದ ಕೂಡಲೇ ಕೈ ಬೀಸತೊಡಗುತ್ತಾರೆ. ಮುಖವಾಡದ ಅಭಿನಯ ನಡೆಯುವುದು ಕುತ್ತಿಗೆಯಲ್ಲಿ, ಆಮೇಲೆ ಪಾದದಲ್ಲಿ. ಕೈಯದು ಮೂರನೇ ಪಾಳಿ.

ಮೂಗೇ ಕಣ್ಣು

ನೃತ್ಯದ ಹಳೆಯ ಸಂಸ್ಕೃತ ಗ್ರಂಥ ಅಭಿನಯದರ್ಪಣದ ‘ಯತೋ ಹಸ್ತಸ್ತತೋ ದೃಷ್ಟಿಃ’ ಎಂಬ ಮಾತು ನಿಮಗೂ ಗೊತ್ತಿರಬಹುದು: ಕೈ ಹೋದಲ್ಲಿ ಕಣ್ಣು ಹೋಗಬೇಕು. ಮುಖವಾಡದಲ್ಲಿ ಕಣ್ಣಿನ ಗುಡ್ಡೆ ಕಾಣುವುದಿಲ್ಲ. ಹಾಗಾಗಿ ಆ ಕೆಲಸ ಮೂಗಿಗೆ ಬೀಳುತ್ತದೆ. ಮೂಗು ಯಾವ ಕಡೆ ತಿರುಗಿದೆಯೋ ಪಾತ್ರ ಅಲ್ಲಿ ನೋಡುತ್ತಿದೆ. ಹುಡುಗ ಮುಖವಾಡದೊಳಗೆ ಬರೀ ಕಣ್ಣು ಹೊರಳಿಸಿ ಮಂತ್ರಿಯನ್ನು ನೋಡಿದರೆ, ಪ್ರೇಕ್ಷಕರಿಗೆ ಅವನು ಮೈಕಿನ ಕಂಬ ನೋಡುತ್ತಿರುವಂತೆ ಕಾಣುತ್ತದೆ. ಕಾಗೆಯ ಕೊಕ್ಕಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ, ಕುತ್ತಿಗೆ ಕೂದಲೆಳೆ ತಿರುಗಿದರೂ ಕೊಕ್ಕಿನ ತುದಿ ನಾಲ್ಕು ಬೆರಳು ಸರಿದಿರುತ್ತದೆ.

ಅಭ್ಯಾಸ ಹೀಗೆ ಕಟ್ಟಿ. ಹುಡುಗ ನಿಂತಿದ್ದಾನೆ, ಬಲಗಡೆ ಬುಟ್ಟಿ ಇದೆ. ಮೊದಲು ಮೂಗು ಬುಟ್ಟಿಗೆ ತಿರುಗಲಿ, ಮೈ ಅಲುಗಬಾರದು. ಅಲ್ಲಿ ಎರಡು ಎಣಿಕೆ ನಿಲ್ಲಲಿ. ನಂತರ ಮೂಗು ಪ್ರೇಕ್ಷಕರ ಕಡೆ ಬರಲಿ, ಒಂದು ಎಣಿಕೆ. ಆಮೇಲೆ ಎದೆ, ಕೊನೆಗೆ ಕಾಲು ಬುಟ್ಟಿಯ ಕಡೆ. ನೋಡಿದ, ನಮಗೆ ತೋರಿಸಿದ, ಹೋದ. ಈ ಮೂರೂ ಒಂದರ ಮೇಲೊಂದು ಬೀಳಬಾರದು. ಹುಡುಗರಿಗೆ ಇದು ನಿಧಾನ ಅನಿಸುತ್ತದೆ, ಅವಸರ ಮಾಡುತ್ತಾರೆ. ಮೊಬೈಲಿನಲ್ಲಿ ಶೂಟ್ ಮಾಡಿ ತೋರಿಸಿ. ಅವಸರದ್ದು ಬೊಂಬೆ ಅಲ್ಲಾಡಿದಂತೆ, ನಿಧಾನದ್ದು ಪಾತ್ರ ವಿಚಾರ ಮಾಡಿದಂತೆ ಇರುವುದು ಅವರ ಕಣ್ಣಿಗೇ ಬೀಳುತ್ತದೆ.

ಎರಡು ನಿಷೇಧಗಳನ್ನು ಮೊದಲ ದಿನವೇ ಹೇಳಿಬಿಡಿ. ಒಂದು, ಕೈ ಮುಖವಾಡವನ್ನು ಮುಟ್ಟಬಾರದು. ಮುಟ್ಟಿದ ಕ್ಷಣ ಕಾಗದದ ಟೊಕ್ ಸದ್ದಿಗೆ ಭ್ರಮೆ ಒಡೆಯುತ್ತದೆ. ಅಳುವುದಾದರೆ ಅಂಗೈ ಕಣ್ಣಿನ ಮುಂದೆ ಒಂದು ಗೇಣು ದೂರಕ್ಕೆ ಬಂದು ನಿಲ್ಲಲಿ, ತಲೆ ಅದರತ್ತ ತುಸು ಬಾಗಲಿ. ನೋದಲ್ಲಿ ಶಿಯೊರಿ ಎನ್ನುವ ಅಳುವ ಸನ್ನೆಯೂ ಇಷ್ಟೇ, ಬಿಕ್ಕುವುದಿಲ್ಲ, ಹೆಗಲು ಕುಣಿಸುವುದಿಲ್ಲ. ಎರಡು, ಪ್ರೇಕ್ಷಕರಿಂದ 45 ಡಿಗ್ರಿಗಿಂತ ಹೆಚ್ಚು ತಿರುಗಬಾರದು. ಹೆಚ್ಚಾದರೆ ಮುಖವಾಡದ ಅಂಚು, ಕಿವಿ, ಇಲಾಸ್ಟಿಕ್ ಎಲ್ಲ ಹೊರಬೀಳುತ್ತವೆ. ಹಳ್ಳಿಯ ಕಟ್ಟೆಗೆ ಮೂರು ಕಡೆ ಜನ ಕೂಡುವುದರಿಂದ ಇದು ನಿಮಗೆ ತೊಂದರೆ ಕೊಡುತ್ತದೆ. ಎಡಬಲದವರನ್ನು ಆದಷ್ಟು ಮುಂದಕ್ಕೆ ಸರಿಸಿ ಕೂಡಿಸಿ, ಅಥವಾ ತಲೆಯ ಹಿಂಭಾಗವನ್ನು ಪಟಕಾ, ಸೆರಗು, ತುಪ್ಪಳದ ಬಟ್ಟೆಯಿಂದ ಪೂರಾ ಮುಚ್ಚಿ.

ಪಾದದ ವಿಷಯಕ್ಕೆ ದೂರ ಹೋಗಬೇಕಿಲ್ಲ. ದೊಡ್ಡಾಟದ ರಾಜನನ್ನು ನೆನಪಿಗೆ ತಂದುಕೊಳ್ಳಿ. ಕಿರೀಟ, ಭುಜಕೀರ್ತಿ, ಎದೆಕಟ್ಟು ಹೊತ್ತವನಿಗೆ ಕುತ್ತಿಗೆ ಮಾತ್ರ ತಿರುಗಿಸಲು ಬರುವುದಿಲ್ಲ, ಇಡೀ ಎದೆ ತಿರುಗುತ್ತದೆ, ಹೆಜ್ಜೆ ನೆಲಕ್ಕೆ ಅಪ್ಪಳಿಸಿ ಬೀಳುತ್ತದೆ. ಆ ಭಾರದಿಂದಲೇ ರಾಜತನ ಹುಟ್ಟುತ್ತದೆ. ನೋದವರು ಇದಕ್ಕೆ ಉಲ್ಟಾ. ಹಿಮ್ಮಡಿ ಎತ್ತದೆ ಪಾದವನ್ನು ನೆಲಕ್ಕೆ ಉಜ್ಜುತ್ತ ಜಾರಿಸುತ್ತಾರೆ, ತಲೆ ಮೇಲೆ ಕೆಳಗೆ ಕುಪ್ಪಳಿಸುವುದೇ ಇಲ್ಲ, ಮುಖವಾಡ ನೀರಿನ ಮೇಲೆ ತೇಲಿದಂತೆ ಬರುತ್ತದೆ. ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಛಾವು ಎಂಬ ಮುಖವಾಡದ ಕುಣಿತ ಆಡುವವರು ದೊಡ್ಡ ಮುಕುಟದ ಮುಖವಾಡ ಹಾಕಿಕೊಂಡೇ ಗಾಳಿಗೆ ಹಾರಿ ಮೊಳಕಾಲ ಮೇಲೆ ಬೀಳುತ್ತಾರೆ, ಮುಖಕ್ಕೆ ಬರದ ವೀರರಸ ಹೆಗಲಿನ ನಡುಕದಲ್ಲಿ ಬರುತ್ತದೆ. ಇಟಲಿಯ ಹಳೆಯ ಹಾಸ್ಯನಾಟಕ ಕೊಮೆಡಿಯಾ ದೆಲ್ಲಾರ್ತೆಯಲ್ಲಿ ಪ್ರತಿ ಮುಖವಾಡಕ್ಕೂ ಮೈಯ ಒಂದು ಭಾಗ ಮುಂದಾಳು. ಬಡಾಯಿ ಕೊಚ್ಚುವ ಸಿಪಾಯಿಗೆ ಎದೆ, ಪಂಡಿತನಿಗೆ ಹೊಟ್ಟೆ, ಜಿಪುಣ ಮುದುಕ ಪಾಂತಲೋನೆಗೆ ಬಾಗಿದ ಬೆನ್ನಿನಿಂದ ಮುಂದೆ ಚಾಚಿದ ಮೂಗು, ಆಳು ಆರ್ಲೆಕಿನೋಗೆ ಬಗ್ಗಿದ ಮೊಳಕಾಲು.

ನಿಮ್ಮ ಪಾತ್ರಗಳಿಗೆ ಇದೇ ಲೆಕ್ಕ ಹಿಡಿಯಿರಿ. ರಾಜ ಎದೆಯಿಂದ ನಡೆಯಲಿ, ಮಂತ್ರಿ ಹಣೆಯಿಂದ, ಮುದುಕಿ ಸೊಂಟದಿಂದ. ಹುಲಿಯನ್ನು ದಯವಿಟ್ಟು ಮಂಡಿಯೂರಿ ನಾಲ್ಕು ಕಾಲಿನಲ್ಲಿ ನಡೆಸಬೇಡಿ. ಮುಖವಾಡ ನೆಲ ನೋಡುತ್ತದೆ, ಜನಕ್ಕೆ ಬೆನ್ನು ಮಾತ್ರ ಕಾಣುತ್ತದೆ. ಎರಡೇ ಕಾಲಿನಲ್ಲಿ ನಿಲ್ಲಲಿ. ಮೊದಲು ಹೆಗಲು ಹೋಗಲಿ, ಪಾದ ಆಮೇಲೆ ಬರಲಿ, ಬೆರಳು ಊರಿ ಹಿಮ್ಮಡಿ ತಡವಾಗಿ ಇಳಿಯಲಿ. ಮೊಹರಮ್ಮಿನ ಹುಲಿವೇಷದವರನ್ನು ಹುಡುಗರು ನೋಡಿಯೇ ಇರುತ್ತಾರೆ, ಆ ಹೆಗಲು ಸಾಕು. ನರಿ ಪ್ರತಿ ಹೆಜ್ಜೆಗೂ ಮುಂಚೆ ಅರೆಕ್ಷಣ ನಿಲ್ಲುತ್ತದೆ. ಕಾಗೆ ತಲೆಯನ್ನು ಚಕ್ಕನೆ ಓರೆ ಮಾಡಿ ಕಲ್ಲಿನಂತೆ ನಿಂತುಬಿಡುತ್ತದೆ, ಆಮೇಲೆ ಜಿಗಿಯುತ್ತದೆ.

ಮುದ್ರೆ ಬೇಕೇ?

ಬೇಡ ಎನ್ನುವುದು ನನ್ನ ಅಭಿಪ್ರಾಯ. ಅಭಿನಯದರ್ಪಣ 28 ಒಂಟಿಗೈ ಮುದ್ರೆಗಳನ್ನು ಹೇಳುತ್ತದೆ, ಕಥಕಳಿಯಲ್ಲಿ 24 ಮೂಲ ಮುದ್ರೆಗಳಿವೆ. ಅವು ಬೆರಳಿನ ಭಾಷೆ, ಕಲಿಯುವವನಿಗೆ ವರ್ಷಗಳು ಬೇಕು, ನೋಡುವವನಿಗೂ ಓದಲು ಬರಬೇಕು. ಎರಡು ತಿಂಗಳಲ್ಲಿ ಕಲಿತ ಕರ್ತರೀಮುಖ (ಎರಡು ಬೆರಳನ್ನು ಕತ್ತರಿಯಂತೆ ಬಿಡಿಸುವ ಮುದ್ರೆ) ಹಿಂದಿನ ಸಾಲಿನವರಿಗೆ ‘ಎರಡು’ ಎಂದಷ್ಟೇ ಕಾಣುತ್ತದೆ. ಅಂತಹ ಕೈಗೆ ಮುಖವಾಡವೂ ಸೇರಿದರೆ ಎರಡು ಒಗಟು ಒಟ್ಟಿಗೆ ಇಟ್ಟಂತಾಗುತ್ತದೆ.

ಹುಡುಗರನ್ನು ಬಾದಾಮಿಗೆ ಕರೆದುಕೊಂಡು ಹೋಗುವುದು ಸಾಧ್ಯವಿದ್ದರೆ ಮೊದಲನೆಯ ಗುಹೆಯ ಬಲಕ್ಕೆ ಹೊರಗೋಡೆಯಲ್ಲಿರುವ 18 ಕೈಗಳ ನಟರಾಜನ ಮುಂದೆ ನಿಲ್ಲಿಸಿ. ಆರನೇ ಶತಮಾನದ ಚಾಲುಕ್ಯರ ಕೆಲಸ. ಕೈಗಳು ಬೀಸಣಿಗೆಯಂತೆ ಹರಡಿವೆ, ಆದರೆ ಮುಖ ಶಾಂತ. ಕುಣಿತವೆಲ್ಲ ಸೊಂಟದ ತಿರುವಿನಲ್ಲಿ, ಬಗ್ಗಿದ ಮೊಳಕಾಲಿನಲ್ಲಿ, ಊರಿದ ಪಾದದಲ್ಲಿ ಇದೆ. ಕಾಗದದಿಂದ ಆ 18 ಕೈಗಳನ್ನೂ ಮುಚ್ಚಿಬಿಟ್ಟರೂ, ಅಂದರೆ ಫೋಟೋದಲ್ಲಿ, ಅವನು ಕುಣಿಯುತ್ತಿದ್ದಾನೆಂದು ತಿಳಿಯುತ್ತದೆ. ಮಕ್ಕಳಿಗೆ ಈ ಆಟ ಆಡಿಸಿ.

ಹಾಗಾದರೆ ಕೈಗೆ ಕೆಲಸ ಎಲ್ಲಿಂದ ತರುವುದು? ಛಾವುದಲ್ಲಿ ಇದಕ್ಕೆ ಚೆಂದದ ದಾರಿಯಿದೆ. ಅವರ ಮೂಲ ಚಲನೆಗಳಲ್ಲಿ ಸೆಗಣಿ ಕಲಸುವುದು, ನೆಲ ಸಾರಿಸುವುದು ಮುಂತಾದ ಮನೆಗೆಲಸಗಳೇ ಕುಣಿತವಾಗಿವೆ, ಜೊತೆಗೆ ಕತ್ತಿ–ಗುರಾಣಿಯ ತಾಲೀಮು. ನಿಮ್ಮ ಊರಲ್ಲಿ ಇಂತಹ ಸರಕು ರಾಶಿ ಬಿದ್ದಿದೆ: ಕಬ್ಬು ಕಡಿಯುವುದು, ಜೋಳ ತೂರುವುದು, ಹಗ್ಗ ಹೊಸೆಯುವುದು, ಬನಹಟ್ಟಿ–ಗುಳೇದಗುಡ್ಡದ ಕಡೆ ಮಗ್ಗದ ಲಾಳಿ ಎಸೆಯುವುದು.

ಮುದುಕಿಯ ಪಾತ್ರಕ್ಕೆ ರೊಟ್ಟಿ ಬಡಿಯುವುದನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಬಡಿಯುವಾಗ ಹೆಗಲು ಅಲುಗುವುದಿಲ್ಲ, ಮಣಿಕಟ್ಟು ಮಾತ್ರ ಬೀಳುತ್ತದೆ. ಬಲಗೈ ಬಡಿದಂತೆ ಎಡಗೈಯ ಬೆರಳು ರೊಟ್ಟಿಯ ಅಂಚು ಹಿಡಿದು ತಿರುಗಿಸುತ್ತಿರುತ್ತವೆ, ಒಂದೊಂದು ಪೆಟ್ಟಿಗೂ ರೊಟ್ಟಿ ತುಸು ತುಸು ಸುತ್ತು ಹೋಗುತ್ತದೆ. ವೇದಿಕೆಯ ಮೇಲೆ ಹಿಟ್ಟಿಲ್ಲ, ಪರಾತವಿಲ್ಲ. ಅಂಗೈಯನ್ನು ಹೊಕ್ಕುಳಿನ ಎತ್ತರಕ್ಕೆ ತನ್ನಿ, ಮೊಳಕೈಯನ್ನು ಪಕ್ಕೆಯಿಂದ ಒಂದು ಗೇಣು ಬಿಡಿಸಿ. ಅದೇ ಪೆಟ್ಟು ಈಗ ಮೂರು ಪಟ್ಟು ದೊಡ್ಡದಾಗುತ್ತದೆ. ನಾಲ್ಕು ಪೆಟ್ಟು ತಾಳಕ್ಕೆ ಸರಿಯಾಗಿ ಬೀಳಲಿ, ರೊಟ್ಟಿಯ ಅಳತೆ ಮೊದಲಿನಿಂದ ಕೊನೆತನಕ ಒಂದೇ ಇರಲಿ (ಹುಡುಗರು ಇಲ್ಲಿಯೇ ತಪ್ಪುತ್ತಾರೆ, ರೊಟ್ಟಿ ಒಮ್ಮೆ ತಟ್ಟೆಯಷ್ಟು, ಒಮ್ಮೆ ಗಾಲಿಯಷ್ಟು ಆಗುತ್ತದೆ). ಐದನೇ ಪೆಟ್ಟಿಗೆ ಕೈ ಗಾಳಿಯಲ್ಲೇ ನಿಲ್ಲಲಿ, ಮೂಗು ಬಾಗಿಲ ಕಡೆ ತಿರುಗಲಿ. ರಾಜನ ಸಿಪಾಯಿ ಬಂದಿದ್ದಾನೆ ಎಂದು ಒಂದು ಮಾತಿಲ್ಲದೆ ತಿಳಿಯಿತು. ನಿಂತ ಆ ಅಂಗೈ ಯಾವ ಮುದ್ರೆಗೂ ಕಡಿಮೆಯಲ್ಲ, ಹಾಗೂ ನಿಮ್ಮ ಊರಿನ ಪ್ರತಿಯೊಬ್ಬ ತಾಯಿಗೂ ಅದನ್ನು ಓದಲು ಬರುತ್ತದೆ.

ಜಾಗ, ದೂರ ತೋರಿಸುವ ಸಂಕೇತಗಳಿಗೂ ಇದೇ ಮಾತು. ಚೀನದ ಜಿಂಗ್ಜು ನಾಟಕದಲ್ಲಿ ಗೊಂಡೆ ಕಟ್ಟಿದ ಚಾವಟಿ ಹಿಡಿದರೆ ಕುದುರೆ ಬಂತು, ವೇದಿಕೆ ಒಂದು ಸುತ್ತು ಬಂದರೆ ದೂರದ ಪ್ರಯಾಣ ಮುಗಿಯಿತು. ಬಯಲಾಟದ ಪಾತ್ರಧಾರಿ ರಂಗದಲ್ಲಿ ಸುತ್ತು ಹಾಕಿ ಊರು ಮುಟ್ಟುವುದೂ ಅದೇ. ಒಮ್ಮೆ ಎಡದಿಂದ ಬಲಕ್ಕೆ ಸುತ್ತಿದರೆ ಕಾಡು ಎಂದು ಒಪ್ಪಂದವಾದ ಮೇಲೆ ನಾಟಕ ಮುಗಿಯುವತನಕ ಆ ದಿಕ್ಕು ಬದಲಾಗಬಾರದು.

ಮಾತಿನ ತೊಂದರೆ

ಪೂರ್ಣ ಮುಖವಾಡದಲ್ಲಿ ಮಾತು ಕೊಡದೊಳಗಿನಂತೆ ಕೇಳುವುದು ಸಹಜ. ಬಾಯಿಯ ಮುಂದೆ ಗೋಡೆ ಇದೆ; ಸ್ವರ ಒಳಗೇ ಗುಂಯ್‌ಗುಟ್ಟುತ್ತದೆ, ಸ–ಶ–ತ–ಪಗಳಂತಹ ತೆಳುವಾದ ಸದ್ದುಗಳು ಹೊರಗೆ ಬರುವುದಿಲ್ಲ. ಕಾಲರ್ ಮೈಕು ಹಾಕಿದರೆ ಉಸಿರಿನ ಭುಸ್ ಭುಸ್ ಹೆಚ್ಚಾಗುತ್ತದೆ, ಮಾತು ತಿಳಿಯಾಗುವುದಿಲ್ಲ. ಅದಕ್ಕೇ ಜಗತ್ತಿನ ಹೆಚ್ಚಿನ ಕಡೆ ಪೂರ್ಣ ಮುಖವಾಡ ಮಾತಾಡುವುದಿಲ್ಲ. ಬಾಲಿ ದ್ವೀಪದ ಮುಖವಾಡದ ನಾಟಕವಾದ ತೊಪೆಂಗ್‌ನಲ್ಲಿ ರಾಜ, ಮಂತ್ರಿ ಪೂರ್ಣ ಮುಖವಾಡ ಹಾಕಿ ಮೌನವಾಗಿ ಕುಣಿಯುತ್ತಾರೆ. ಕಥೆ ಹೇಳುವ ಪೆನಸಾರ್, ನಗಿಸುವ ಬೊಂಡ್ರೆಸ್ ಪಾತ್ರಗಳು ಅರ್ಧ ಮುಖವಾಡ ಹಾಕಿ ಮಾತಾಡುತ್ತಾರೆ. ಕೊಮೆಡಿಯಾದ ಚರ್ಮದ ಮುಖವಾಡಗಳೂ ಅರ್ಧವೇ. ಸರಾಯ್‌ಕೆಲಾ ಛಾವುದಲ್ಲಿ (ಇದು ಝಾರ್ಖಂಡದ್ದು) ಮಾತೇ ಇಲ್ಲ, ಮೂಗಿನ ಕಿಂಡಿ ಸಣ್ಣದಾದ್ದರಿಂದ ಉಸಿರು ಹಿಡಿಯುತ್ತದೆ, ಒಂದೊಂದು ತುಣುಕು ಹತ್ತು ನಿಮಿಷದೊಳಗೆ ಮುಗಿಯುತ್ತದೆ.

ನಮ್ಮ ಕಡೆ ಮುಖವಾಡ ಇಲ್ಲ ಅಂದಿರಲ್ಲ, ಅದು ಬಹುಮಟ್ಟಿಗೆ ನಿಜ. ದೊಡ್ಡಾಟ, ಸಣ್ಣಾಟ, ಪಾರಿಜಾತಗಳು ಬಣ್ಣವನ್ನು ನಂಬಿದವು. ಮುಖದ ಆಕಾರ ಬೇರೆಡೆ ಹೋಗಿದೆ: ವೀರಭದ್ರನ ಪುರವಂತರು ಲೋಹದ ಮುಖವನ್ನು ಎದೆ–ನಡುವಿನ ಮೇಲೆ ಕಟ್ಟಿಕೊಂಡು ಒಡಪು ಹೇಳುತ್ತ ಕುಣಿಯುತ್ತಾರೆ, ಮುಖವಾಡ ಮುಖದ ಮೇಲೆಯೇ ಇರಬೇಕೆಂದಿಲ್ಲ ಎನ್ನುವುದಕ್ಕೆ ಒಳ್ಳೆಯ ಸಾಕ್ಷಿ. ಆದರೆ ಮಾತಿನ ತೊಂದರೆಗೆ ಪರಿಹಾರ ಮಾತ್ರ ನಿಮ್ಮ ಸುತ್ತಮುತ್ತಲೇ ಇದೆ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮನವರ ಹೆಸರಿನೊಂದಿಗೆ ಬೆಳೆದ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತ ಪಾತ್ರವನ್ನು ಮಾತಿಗೆಳೆಯುತ್ತಾನೆ, ಮೇಳ ಹಿಂದೆ ನಿಂತು ಪದ ಎತ್ತುತ್ತದೆ. ದೊಡ್ಡಾಟದಲ್ಲಿ ಆ ಕೆಲಸ ಸಾರಥಿಯದು. ನಿಮ್ಮ ನಾಟಕಕ್ಕೂ ಬರೀ ಮುಖದ ಒಬ್ಬ ಭಾಗವತನನ್ನು ಸೇರಿಸಿ. ರಾಜ, ಮಂತ್ರಿ, ಹುಲಿಗೆ ಪೂರ್ಣ ಮುಖವಾಡ. ಅವರ ಮಾತನ್ನು ಪಕ್ಕದಲ್ಲಿ ಹಾರ್ಮೋನಿಯಂ ಹತ್ತಿರ ಕೂತ ಹುಡುಗರು ಆಡಲಿ. ಮುದುಕಿ, ನರಿಗೆ ಅರ್ಧ ಮುಖವಾಡ. ಕಾಗೆಗೆ ಟೋಪಿಯಂತೆ ಹಣೆಯ ಮೇಲೆ ಕೂಡುವ ಕೊಕ್ಕು, ಕೆಳಗೆ ಮುಖಕ್ಕೆ ಕಪ್ಪು ಬಣ್ಣ. ಒಂದು ನಿಯಮ: ಮಾತು ಹಿಂದಿನಿಂದ ಬರುವಾಗ ಆ ಪಾತ್ರ ಮಾತ್ರ ಅಲುಗಬೇಕು, ಉಳಿದವರೆಲ್ಲ ಅವನ ಕಡೆ ಮೂಗು ತಿರುಗಿಸಿ ಸ್ತಬ್ಧ. ಇಲ್ಲದಿದ್ದರೆ ಯಾರು ಮಾತಾಡುತ್ತಿದ್ದಾರೆಂದು ಜನಕ್ಕೆ ಹೊಳೆಯುವುದಿಲ್ಲ.

ಮಾಡುವ ಬಗೆ

ಬಾಲಿಯಲ್ಲಿ ಪುಲೆ ಎಂಬ ಮರ ಕೆತ್ತುತ್ತಾರೆ, ಅದು ನಮ್ಮ ಏಳೆಲೆ ಹಾಲೆಯೇ. ಅಸ್ಸಾಮಿನ ಮಾಜುಲಿಯಲ್ಲಿ ಬಿದಿರಿನ ಹಂದರ ಹೆಣೆದು, ಮಣ್ಣಿನಲ್ಲಿ ಅದ್ದಿದ ಬಟ್ಟೆ ಹಚ್ಚಿ, ಮೇಲೆ ಸೆಗಣಿ–ಮಣ್ಣು ಬಳಿಯುತ್ತಾರೆ. ಶಾಲೆಗೆ ಹೊಂದುವುದು ಪುರುಲಿಯಾದ ಚಾರಿದಾ ಹಳ್ಳಿಯವರ ದಾರಿ: ಮಣ್ಣಿನ ಅಚ್ಚು, ಅದರ ಮೇಲೆ ಬೂದಿ, ಕಾಗದ, ಬಟ್ಟೆ.

ಮಣ್ಣು. ಹೊಲದ ಯರಿಮಣ್ಣು ತರಬೇಡಿ. ಅದು ಆರಿದಂತೆ ವಿಪರೀತ ಕುಗ್ಗುತ್ತದೆ, ರಾತ್ರಿ ಬಿಟ್ಟ ಅಚ್ಚು ಮುಂಜಾನೆ ಮೂಗಿನ ಮಧ್ಯೆ ಸೀಳಿರುತ್ತದೆ. ಕುಂಬಾರರ ಅಥವಾ ಗಣಪತಿ ಮಾಡುವವರ ಜೇಡಿಮಣ್ಣು ಒಂದು ಅಚ್ಚಿಗೆ 3–4 ಕೆ.ಜಿ. ಬೇಕು, ಹಿಡಿಯಷ್ಟು ಅರಳೆ ಬಿಡಿಸಿ ಕಲಸಿದರೆ ಬಿರುಕು ಕಡಿಮೆ. ಒಂದು ಮುಖವಾಡ ತೆಗೆದ ಮೇಲೆ ಅದೇ ಮಣ್ಣಿಗೆ ನೀರು ಚಿಮುಕಿಸಿ ಮುಂದಿನದಕ್ಕೆ ಬಳಸಿ. ಹುಡುಗನ ಮುಖವನ್ನು ಮೊದಲು ಅಳೆಯಿರಿ: ಕೂದಲಂಚಿನಿಂದ ಗದ್ದ, ಒಂದು ಕಣ್ಣಕಪ್ಪಿನಿಂದ ಇನ್ನೊಂದು, ಕಪೋಲದ ಎಲುಬಿನಿಂದ ಎಲುಬಿಗೆ ಅಗಲ. ಅಚ್ಚು ಅಗಲದಲ್ಲಿ 2 ಸೆಂ.ಮೀ. ಹೆಚ್ಚಿರಲಿ, ಒಳಗೆ ಸ್ಪಂಜು ಕೂಡಲು. ಹುಬ್ಬು ಕಣ್ಣಿನಿಂದ ಕನಿಷ್ಠ 2 ಸೆಂ.ಮೀ. ಮುಂದೆ ಬರಲಿ, ಮೂಗನ್ನು ನಿಜಕ್ಕಿಂತ ಒಂದೂವರೆ ಪಟ್ಟು ಎತ್ತರಿಸಿ. ಎಡಬಲ ಕನ್ನಡಿಯಂತೆ ಒಂದೇ ಆಗದಿರಲಿ, ಒಂದು ಹುಬ್ಬು ತುಸು ಮೇಲಿದ್ದರೆ ಮುಖ ತಿರುಗಿದಾಗ ಭಾವ ಬದಲಾಗುತ್ತದೆ. ಹೊಳ್ಳೆಯಲ್ಲಿ, ತುಟಿಯ ಕೆಳಗೆ ಒಳಸರಿದ ಗುಳಿ ತೋಡಬೇಡಿ, ಕಾಗದ ಅಲ್ಲಿ ಕಚ್ಚಿಕೊಂಡು ಬಿಡಿಸುವಾಗ ಹರಿಯುತ್ತದೆ.

ಅಂಟು. ಕಂಬಳಿ ನೇಯುವವರು ನೂಲಿಗೆ ಹಚ್ಚುವ ಹುಣಸೆಬೀಜದ ಸರಿ ಇದಕ್ಕೆ ಚಲೋ. ಬೀಜ ಹುರಿದು ಸಿಪ್ಪೆ ತೆಗೆದು ಪುಡಿ ಮಾಡಿ, ಒಂದು ಅಳತೆ ಪುಡಿಗೆ 10–12 ಅಳತೆ ತಣ್ಣೀರು ಬೆರೆಸಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ 20–30 ನಿಮಿಷ ತಿರುವುತ್ತ ಕುದಿಸಿ. ಇಲ್ಲದಿದ್ದರೆ ಒಂದು ಕಪ್ಪು ಮೈದಾಕ್ಕೆ ಒಂದು ಕಪ್ಪು ತಣ್ಣೀರು, ಮೇಲೆ ನಾಲ್ಕು ಕಪ್ಪು ಕುದಿನೀರು. ಎರಡೂ ಮರುದಿನ ಹುಳಿಯುತ್ತವೆ, ಆಯಾ ದಿನದ್ದು ಆಯಾ ದಿನ ಮಾಡಿಕೊಳ್ಳಿ. ಹುಳ ಹಿಡಿಯಬಾರದೆಂದು ಪುಸ್ತಕ ಕಟ್ಟುವವರಂತೆ ಮೈಲುತುತ್ತ ಹಾಕುವ ರೂಢಿ ಇದೆ. ಮಕ್ಕಳ ಬಾಯಿ–ಮೂಗಿಗೆ ತಾಗುವ ವಸ್ತುವಿಗೆ ಅದು ವಿಷ, ಖಂಡಿತ ಬೇಡ.

ಕಾಗದ. ಅಚ್ಚಿನ ಮೇಲೆ ಜರಡಿ ಹಿಡಿದ ಬೂದಿ ಉದುರಿಸಿ. ಮೊದಲ ಪದರ ಬರೀ ನೀರಿನಲ್ಲಿ ಅದ್ದಿದ ದಿನಪತ್ರಿಕೆ, ಅಂಟು ಬೇಡ. ಆಮೇಲೆ ಅಂಟಿನ ಪದರ 7–8. ಪಟ್ಟಿಗಳನ್ನು ಕತ್ತರಿಸಬೇಡಿ, 2–3 ಸೆಂ.ಮೀ. ಅಗಲಕ್ಕೆ ಹರಿಯಿರಿ; ಹರಿದ ಅಂಚಿನ ಎಳೆ ಒಂದಕ್ಕೊಂದು ಬೆಸೆಯುತ್ತದೆ, ಕತ್ತರಿಸಿದ ಅಂಚು ಮೆಟ್ಟಿಲಾಗಿ ಉಳಿಯುತ್ತದೆ. ಒಂದು ಪದರ ದಿನಪತ್ರಿಕೆ, ಒಂದು ಪದರ ಖಾಕಿ ಕಾಗದ ಹಾಕಿದರೆ ಎಲ್ಲಿ ಎಷ್ಟು ಆಯಿತೆಂದು ಲೆಕ್ಕ ತಪ್ಪುವುದಿಲ್ಲ. ನಾಲ್ಕನೆಯದು ಹಳೆಯ ಧೋತರದ ತೆಳು ಬಟ್ಟೆ. ಮೂರು ಪದರಕ್ಕೊಮ್ಮೆ ಆರಲು ಬಿಡಿ. ಬಿಸಿಲಿಗಿಟ್ಟರೆ ಹೊರಮೈ ಮೊದಲು ಬಿಗಿದು ಅಂಚು ಒಳಕ್ಕೆ ಸುರುಳುತ್ತದೆ. ವಿಜಯಪುರ–ಬಾಗಲಕೋಟೆಯ ಒಣಹವೆಗೆ ನೆರಳೇ ಸಾಕು, ಎರಡು ದಿನ. ಖಾನಾಪುರ ಕಡೆ ಮಳೆಗಾಲದಲ್ಲಿ ಮಾಡುವವರು ಫ್ಯಾನಿನ ಕೆಳಗಿಡದಿದ್ದರೆ ಬೂಸು ಬರುತ್ತದೆ. ಪೂರ್ತಿ ಆರುವತನಕ ಅಚ್ಚಿನಿಂದ ತೆಗೆಯಬೇಡಿ. ಬೆರಳಿನಿಂದ ತಟ್ಟಿದರೆ ಡಪ್ ಎನ್ನುವುದು ಹೋಗಿ ಟಕ್ ಎನ್ನಬೇಕು.

ಬಿಡಿಸಿದ ಮೇಲೆ ಅಂಚು ಕತ್ತರಿಸಿ ಖಾಕಿ ಪಟ್ಟಿ ಮಡಚಿ ಅಂಟಿಸಿ. ಕಣ್ಣಿನ ತೂತನ್ನು ಅಂದಾಜಿನಲ್ಲಿ ಕೊರೆಯಬೇಡಿ. ಅಳೆದ ದೂರಕ್ಕೆ ಮೊದಲು ಸೂಜಿಯ ತೂತು, ಹುಡುಗನ ಮುಖಕ್ಕಿಟ್ಟು ಸರಿನೋಡಿ, ನಂತರ 1.5 ಸೆಂ.ಮೀ.ಗೆ ಹಿಗ್ಗಿಸಿ. ಸುತ್ತ ಬರೆದ ದೊಡ್ಡ ಕಣ್ಣಿನ ಕಪ್ಪುಗುಡ್ಡೆಯಲ್ಲಿ ತೂತು ಅಡಗುತ್ತದೆ. ಹೊಳ್ಳೆಗಳನ್ನು ಧಾರಾಳವಾಗಿ ತೆರೆಯಿರಿ. ಅರ್ಧ ಮುಖವಾಡವನ್ನು ಹೊಳ್ಳೆಯ ಬುಡಕ್ಕೆ ಕತ್ತರಿಸಿ, ಮೇಲ್ದುಟಿಗೆ ಅಂಚು ತಾಗಿದರೆ ಪ–ಬ–ಮ ಆಡುವಾಗಲೆಲ್ಲ ಮುಖವಾಡ ಮೇಲೇಳುತ್ತದೆ. ಒಳಗೆ ಹಣೆಗೊಂದು, ಕೆನ್ನೆಯ ಎಲುಬಿಗೆ ಎರಡು ಸ್ಪಂಜಿನ ತುಂಡು, ಒಂದು ಸೆಂ.ಮೀ. ದಪ್ಪ. ಇವಿಲ್ಲದೆ ಕಾಗದ ನೇರ ಚರ್ಮಕ್ಕೆ ಕೂತರೆ ಗಾಳಿಯಾಡುವುದಿಲ್ಲ, ಬೆವರಿಗೆ ಮೈದಾ ಮೆತ್ತಗಾಗುತ್ತದೆ. ಒಳಮೈಗೆ ಎರಡು ಕೈ ಫೆವಿಕಾಲ್ ಬಳಿದು ಆರಿಸಿ. ಇಲಾಸ್ಟಿಕ್ ಒಂದೂ ಕಾಲು ಬೆರಳು ಅಗಲದ್ದು, ಕಿವಿಯ ಮೇಲೆ ಹಾಯಲಿ, ಇನ್ನೊಂದು ನೆತ್ತಿಯ ಮೇಲಿಂದ ಬಂದು ಅದಕ್ಕೆ ಸೇರಲಿ. ಒಂದೇ ಪಟ್ಟಿ, ಅದೂ ಕಿವಿಯ ಕೆಳಗೆ ಕಟ್ಟಿದ್ದು ಮೊದಲ ಜಿಗಿತಕ್ಕೇ ಜಾರುತ್ತದೆ. ಎಲ್ಲ ಸೇರಿ 250 ಗ್ರಾಂ ದಾಟಬಾರದು.

ಬಣ್ಣಕ್ಕೆ ಮುಂಚೆ ಖಡುಪುಡಿಯನ್ನು (ಸೀಮೆಸುಣ್ಣದ ಪುಡಿ) ಅಂಟಿನಲ್ಲಿ ಕಲಸಿ ಮೂರು ಕೈ ಬಳಿದು, ಪ್ರತಿಸಲ ಆರಿದ ಮೇಲೆ ನಯವಾದ ಉಸುಕುಕಾಗದದಿಂದ ತಿಕ್ಕಿ. ಮೇಲೆ ಪೋಸ್ಟರ್ ಕಲರ್ ಸಾಕು. ವಾರ್ನಿಶ್ ಬೇಡವೇ ಬೇಡ. ಬೆಳಕು ಎದುರು ಮೇಲಿನಿಂದ 45 ಡಿಗ್ರಿ ಓರೆಯಾಗಿ ಬೀಳಲಿ; ಕಟ್ಟೆಯ ಅಂಚಿಗೆ ಕೆಳಗಿಂದ ಟ್ಯೂಬ್‌ಲೈಟ್ ಹಚ್ಚಿದರೆ ನಿಮ್ಮ ರಾಜನೂ ಮುದುಕಿಯೂ ಇಬ್ಬರೂ ದೆವ್ವಗಳಾಗುತ್ತಾರೆ.

ಹಾಕುವ ಕ್ರಮ

ಮುಖವಾಡದೊಳಗಿಂದ ಪಾದ ಕಾಣುವುದಿಲ್ಲ, ಎಡಬಲ ಕಾಣುವುದಿಲ್ಲ. ನೋ ರಂಗ ಸುಮಾರು 6 ಮೀಟರಿನ ಚೌಕ, ಪ್ರೇಕ್ಷಕರ ಎಡಕ್ಕೆ ಮುಂದಿನ ಮೂಲೆಯ ಕಂಬವನ್ನು ನೋಡಿಯೇ ನಟ ತಾನೆಲ್ಲಿದ್ದೇನೆಂದು ತಿಳಿಯುತ್ತಾನೆ. ನಿಮ್ಮ ಕಟ್ಟೆಗೆ ಅಂಚಿನಿಂದ ಎರಡು ಅಡಿ ಒಳಗೆ ಜಮಖಾನೆಯ ಕೆಳಗೆ ಬೆರಳು ದಪ್ಪದ ಹಗ್ಗ ಹಾಸಿ, ಗಟ್ಟಿಯಾಗಿ ಟೇಪು ಹಚ್ಚಿ. ಬರಿಗಾಲಿಗೆ ಅದು ತಾಗಿದರೆ ಅಲ್ಲಿಗೇ ನಿಲ್ಲಬೇಕೆಂದು ರೂಢಿ ಮಾಡಿಸಿ. ಈ ಒಂದು ಹಗ್ಗ ಬಹಳ ಕಾಲುಗಳನ್ನು ಉಳಿಸುತ್ತದೆ.

ಮೊದಲ ಸಲ ಎರಡು ನಿಮಿಷಕ್ಕಿಂತ ಹೆಚ್ಚು ಹಾಕಿಸಬೇಡಿ, ಕೆಲವು ಮಕ್ಕಳಿಗೆ ಉಸಿರುಗಟ್ಟಿದಂತಾಗುತ್ತದೆ. ಹೇಳಲು ನಾಚಿಕೊಳ್ಳುತ್ತಾರೆ, ಆದ್ದರಿಂದ ಕೈ ಮೇಲೆತ್ತಿದರೆ ತಕ್ಷಣ ಬಿಚ್ಚುವ ಸನ್ನೆ ಇರಲಿ. ದಮ್ಮು ಇರುವವರಿಗೆ ಪೂರ್ಣ ಮುಖವಾಡ ಕೊಡಲೇಬೇಡಿ. ಚಸ್ಮಾ ಹಾಕುವ ಹುಡುಗನಿಗೆ ಕಾಗೆಯ ಟೋಪಿ ಮುಖವಾಡ. ಒಂದು ಪ್ರವೇಶ ಏಳೆಂಟು ನಿಮಿಷ ಮೀರದಂತೆ ನಾಟಕವನ್ನು ಕತ್ತರಿಸಿಕೊಳ್ಳಿ, ನಡುವೆ ನೀರು.

ನೋ ನಟರು ರಂಗಕ್ಕೆ ಬರುವ ಮುಂಚೆ ಕನ್ನಡಿಯ ಕೋಣೆಯಲ್ಲಿ ಮುಖವಾಡಕ್ಕೆ ತಲೆಬಾಗಿ, ಹಾಕಿಕೊಂಡು, ತಮ್ಮನ್ನು ನೋಡುತ್ತ ಕೂಡುತ್ತಾರೆ. ತಮಿಳುನಾಡಿನ ಮೇಲಟ್ಟೂರಿನ ಭಾಗವತ ಮೇಳ ಎಂಬ ನಾಟಕದ ನರಸಿಂಹನ ಮುಖವಾಡಕ್ಕೂ ಪೂಜೆ ಆಗುತ್ತದೆ. ಭಕ್ತಿಯ ಮಾತು ಬದಿಗಿರಲಿ, ಇದರಲ್ಲಿ ಕೆಲಸದ ಲಾಭವೂ ಇದೆ. ಹುಡುಗನ ಕೈಗೆ ಮುಖವಾಡ ಕೊಟ್ಟು ಒಂದು ನಿಮಿಷ ಸುಮ್ಮನೆ ನೋಡಲು ಹೇಳಿ, ಬೆಳಕಿನಲ್ಲಿ ಬಾಗಿಸಿ ಬಾಗಿಸಿ. ಆಮೇಲೆ ಬೆನ್ನು ತಿರುಗಿಸಿ ಹಾಕಿಕೊಳ್ಳಲಿ, ಕನ್ನಡಿಯಲ್ಲಿ ನೋಡಲಿ. ಮೈ ತಾನಾಗಿ ಆ ಮುಖಕ್ಕೆ ಹೊಂದಿಕೊಳ್ಳತೊಡಗುತ್ತದೆ. ಪ್ಯಾರಿಸಿನಲ್ಲಿ 1956ರಲ್ಲಿ ನಟನೆಯ ಶಾಲೆ ತೆರೆದ ಜಾಕ್ ಲೆಕಾಕ್ ಇದಕ್ಕೂ ಹಿಂದಿನ ಒಂದು ಮೆಟ್ಟಿಲು ಸೇರಿಸಿದರು: ಯಾವ ಭಾವವೂ ಇಲ್ಲದ ತಟಸ್ಥ ಮುಖವಾಡ. ಅದನ್ನು ಹಾಕಿದಾಗ ಮೈಯ ಹಳೆಯ ಚಟಗಳು, ಹೆಗಲು ಕುಗ್ಗಿಸುವುದು, ಒಂದು ಕಾಲಿಗೆ ಭಾರ ಹಾಕುವುದು, ಎಲ್ಲ ಬಯಲಾಗುತ್ತವೆ. ನಿಮಗೆ ಖಾಕಿ ಕಾಗದದ, ಬಣ್ಣವಿಲ್ಲದ ಒಂದು ಸಾದಾ ಮುಖ ಸಾಕು. ಮೊದಲ ವಾರ 9 ಹುಡುಗರೂ ಸರದಿಯಲ್ಲಿ ಅದನ್ನೇ ಹಾಕಿ ಬರೀ ನಿಲ್ಲಲಿ, ನಡೆಯಲಿ, ಕೂಡಲಿ (ಒಳಗಿನ ಸ್ಪಂಜಿನ ಮೇಲೆ ಪ್ರತಿಯೊಬ್ಬರಿಗೂ ಬೇರೆ ಕರವಸ್ತ್ರ). ಪಾತ್ರದ ಮುಖವಾಡ ಎರಡನೇ ವಾರದಿಂದ. ಪ್ರದರ್ಶನಕ್ಕೆ ಹತ್ತು ದಿನ ಮುಂಚೆ ತಯಾರಾದ ಮುಖವಾಡ ಹಾಕಿದರೆ ಸಾಲದು, ಇಪ್ಪತ್ತು ದಿನವಾದರೂ ಅದರೊಂದಿಗೆ ತಾಲೀಮು ಆಗಬೇಕು.

ಗ್ಯಾದರಿಂಗ್ ಮುಗಿದ ಮೇಲೆ ಒಳಗಿನ ಸ್ಪಂಜು ಕಿತ್ತು, ಒಂದು ದಿನ ಗಾಳಿಗಿಟ್ಟು, ಮುಖವಾಡಗಳನ್ನು ಒಂದರೊಳಗೊಂದು ಪೇರಿಸದೆ ಬೇವಿನೆಲೆ ಹಾಸಿದ ತಗಡಿನ ಪೆಟ್ಟಿಗೆಯಲ್ಲಿಡಿ. ರಟ್ಟಿನ ಪೆಟ್ಟಿಗೆಯಾದರೆ ಮೈದಾದ ವಾಸನೆಗೆ ಇಲಿ ಬರುತ್ತದೆ, ಬಂದರೆ ಮೊದಲು ಮೂಗನ್ನೇ ತಿನ್ನುತ್ತದೆ.